ಕಡೇ ದಿನದ ರೊಕ್ಕ

(ಚಿಂಚೋಳಿಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹರೂಪ)



ಪಿಯುಸಿ ರಿಸಲ್ಟ್ ಬಂದ ದಿನ ನಮ್ಮ ಕೇರಿಗಳಲ್ಲಿ, ತಾಂಡಾಗಳಲ್ಲಿ ಎರಡು ಮಾತು ಒಟ್ಟಿಗೆ ಹುಟ್ಟುತ್ತವೆ. 'ಫಸ್ಟ್ ಕ್ಲಾಸ್ ಬಂತು' ಅನ್ನುವುದು ಒಂದು. ಆ ಮಾತಿನ ಬೆನ್ನಿಗೇ ಅಪ್ಪನ ಮಾತು: 'ಪಾಸೇನೋ ಆದಿ, ಮುಂದ ರೊಕ್ಕ ಎಲ್ಲಿಂದ ತರೂದು?' ಮೊದಲನೇ ಮಾತಿಗೆ ಮಾಸ್ತರರು ಬೆನ್ನು ತಟ್ಟುತ್ತಾರೆ. ಎರಡನೇ ಮಾತಿಗೆ ಯಾರೂ ಉತ್ತರ ಕೊಡುವುದಿಲ್ಲ. ಇವತ್ತು ನಾವು ಆ ಎರಡನೇ ಮಾತನ್ನೇ ಆಡೋಣ.

ಉಳ್ಳವರ ಮನೆಯಲ್ಲಿ ಮಗು ಹುಟ್ಟಿದ ವರ್ಷವೇ ಅದರ ಹೆಸರಿನಲ್ಲಿ ವಿಮೆ, ಠೇವಣಿ, ಬಂಗಾರ ಎಲ್ಲಾ ಶುರುವಾಗುತ್ತವೆ. ಮಗು ಕಾಲೇಜು ಮುಟ್ಟುವ ಹೊತ್ತಿಗೆ ರೊಕ್ಕವೂ ಬೆಳೆದು ನಿಂತಿರುತ್ತದೆ. ನಮ್ಮ ಮನ್ಯಾಗ ಏನದ? ತೊಗರಿ ಹೊಲದ ಕಳೆ ತೆಗೆದ ಕೂಲಿ, ಶಹಾಬಾದ ಕಡೆಯ ಪರಸಿ ಖಣಿಯ ಕೂಲಿ, ಹೈದರಾಬಾದಿಗೋ ಮುಂಬೈಗೋ ಗುಳೆ ಹೋಗಿ ಮಂದಿಯ ಮನೆ ಕಟ್ಟಿದ ಕೂಲಿ. ಅದು ಬಂದ ವಾರವೇ ಸಂತೆಗೆ ಹೋಗುತ್ತದೆ, ಔಷಧಿಗೆ ಹೋಗುತ್ತದೆ, ಹಳೇ ಸಾಲದ ಬಡ್ಡಿಗೆ ಹೋಗುತ್ತದೆ.

ಹಾಗಾದರೆ ನಮ್ಮಪ್ಪ ಅವ್ವಗ ಉಳಿಸುವ ಬುದ್ಧಿ ಇರಲಿಲ್ಲವೇ? ಹಾಗೆ ಹೇಳುವವರಿದ್ದಾರೆ. 'ನಿಮ್ಮವರು ಕುಡಿದು ಹಾಳುಮಾಡ್ತಾರೆ' ಎಂದು ಮುಖಕ್ಕೇ ಹೇಳುವವರೂ ಇದ್ದಾರೆ. ಅವರಿಗೆ ಒಂದೇ ಲೆಕ್ಕ ಕೇಳೋಣ. ಜೀತ ರದ್ದು ಮಾಡುವ ಕಾಯ್ದೆ ಈ ದೇಶದಲ್ಲಿ ಬಂದದ್ದು 1976ರಲ್ಲಿ. ಅದು ನಮ್ಮ ಮುತ್ಯಾನ ಕಾಲ. ಮುತ್ಯಾ ದುಡಿದ, ಕೂಲಿ ಕೈಗೆ ಬರಲಿಲ್ಲ. ಅಪ್ಪ ದುಡಿದ, ಬಂದ ಕೂಲಿ ಹೊಟ್ಟೆಗೇ ಸಾಲಲಿಲ್ಲ. ಕೈಗೆ ಬಾರದ್ದನ್ನು ಉಳಿಸುವುದು ಹ್ಯಾಂಗ್ರಿ? ನಮ್ಮ ಹಿರಿಯರು ದುಡಿದದ್ದು ಎಲ್ಲೋ ಉಳಿದೇ ಉಳಿದಿದೆ. ಬೇರೆಯವರ ಕಣಜದಲ್ಲಿ, ಬೇರೆಯವರ ಮಾಳಿಗೆಯಲ್ಲಿ ಉಳಿದಿದೆ. ಅದಕ್ಕೇ ನಮ್ಮ ಓದಿಗೆ ಸಮಾಜ ಕೊಡುವ ರೊಕ್ಕವನ್ನು ನಾವು ತಲೆ ತಗ್ಗಿಸಿ ಇಸಕೊಳ್ಳಬೇಕಾಗಿಲ್ಲ.

ಬಾಬಾಸಾಹೇಬರ ಮನೆಯಲ್ಲೂ ಓದಿಗೆಂದು ಎತ್ತಿಟ್ಟ ಗಂಟು ಇರಲಿಲ್ಲ. ಅಪ್ಪ ರಾಮಜಿ ಮಗನ ಪುಸ್ತಕಕ್ಕಾಗಿ ಮದುವೆಯಾದ ಹೆಣ್ಣುಮಕ್ಕಳ ಹತ್ತಿರ ಹೋಗುತ್ತಿದ್ದರು, ಅವರ ಒಡವೆ ಅಡವಿಟ್ಟು ಪುಸ್ತಕ ತರುತ್ತಿದ್ದರು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದುವಾಗ ಬರೋಡೆಯ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ 25 ರೂಪಾಯಿ ಕೊಟ್ಟರು. 1913ರಲ್ಲಿ ಅದೇ ಬರೋಡೆಯ ವಿದ್ಯಾರ್ಥಿವೇತನದ ಮೇಲೆ ಅವರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಓದು ಮುಗಿದ ಮೇಲೆ ಹತ್ತು ವರ್ಷ ಬರೋಡೆಯ ಚಾಕರಿ ಮಾಡಬೇಕೆಂಬ ಕರಾರಿಗೆ ಸಹಿ ಹಾಕಿ ಹೋದರು. 1917ರಲ್ಲಿ ವೇತನದ ಅವಧಿ ತೀರಿತು, ಲಂಡನ್ನಿನ ಓದು ಅರ್ಧಕ್ಕೇ ನಿಂತಿತು. ಬೊಂಬಾಯಿಗೆ ಬಂದು ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಪಾಠ ಹೇಳಿ ರೊಕ್ಕ ಕೂಡಿಸಿದರು. ಕೊಲ್ಹಾಪುರದ ಶಾಹೂ ಮಹಾರಾಜರ ನೆರವು, ಗೆಳೆಯ ನವಲ್ ಭಥೇನಾ ಕೊಟ್ಟ ಸಾಲ, ಎಲ್ಲಾ ಸೇರಿಸಿಕೊಂಡು 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. ಇತ್ತ ರಮಾಬಾಯಿ ಬೊಂಬಾಯಿಯ ಚಾಳಿನಲ್ಲಿ ಕಷ್ಟದಲ್ಲಿ ಮನೆ ನಡೆಸಿದರು. ಅಂಥ ಬುದ್ಧಿವಂತನಿಗೂ ರೊಕ್ಕ ಅಡ್ಡ ಬಂದು ಓದು ಮೂರು ವರ್ಷ ನಿಂತಿತ್ತು. ಇದನ್ನು ನೆನಪಿಡಿ. ಒಂದು ವರ್ಷ ತಪ್ಪಿದರೆ ನಮ್ಮ ಕಥೆ ಮುಗಿಯಿತು ಎಂದು ಯಾರೂ ತಿಳಿಯಬೇಡಿ.

ಇನ್ನೊಂದು ಮಾತು ಇದಕ್ಕಿಂತ ದೊಡ್ಡದು. ತಮಗೆ ಒಬ್ಬ ಮಹಾರಾಜ ಸಿಕ್ಕ ಹಾಗೆ ಪ್ರತಿ ಕೇರಿಯ ಹುಡುಗನಿಗೂ ಮಹಾರಾಜ ಸಿಗುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. 1942ರಲ್ಲಿ ವೈಸರಾಯ್ ಕೌನ್ಸಿಲಿನ ಸದಸ್ಯರಾದಾಗ ನಮ್ಮ ಮಕ್ಕಳ ಓದಿಗೆ ಸರ್ಕಾರವೇ ರೊಕ್ಕ ಕೊಡಬೇಕೆಂದು ಬರೆದು ಕೇಳಿದರು. 1944ರಲ್ಲಿ ಪರಿಶಿಷ್ಟ ಜಾತಿಯವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯಿತು. ರಾಜನ ದಯೆ ಸರ್ಕಾರದ ಯೋಜನೆಯಾಯಿತು. ಇವತ್ತು ನೀವು ಮೊಬೈಲಿನಲ್ಲಿ ಅರ್ಜಿ ತುಂಬುತ್ತೀರಲ್ಲ, ಅದರ ಬೇರು ಅಲ್ಲಿದೆ.

ಆದರೆ ಆ ಹಕ್ಕಿನ ಅಳತೆ ಎಷ್ಟು? 2021ರಲ್ಲಿ ಕೇಂದ್ರ ಸರ್ಕಾರ ಗೊತ್ತುಮಾಡಿದ ದರ ನೋಡಿ. ಮನೆಯ ವರಮಾನ ವರ್ಷಕ್ಕೆ ಎರಡೂವರೆ ಲಕ್ಷದೊಳಗೆ ಇರಬೇಕು. ಹಾಸ್ಟೆಲಿನಲ್ಲಿದ್ದು ವೃತ್ತಿಪರ ಡಿಗ್ರಿ ಓದುವವರಿಗೆ ಶುಲ್ಕವಲ್ಲದೆ ವರ್ಷಕ್ಕೆ 13,500 ರೂಪಾಯಿ ಭತ್ಯೆ. ಬಿ.ಎ., ಬಿ.ಎಸ್ಸಿ. ಓದುವವರಿಗೆ 6,000. ಆರು ಸಾವಿರವನ್ನು 365ರಿಂದ ಭಾಗಿಸಿ. ದಿನಕ್ಕೆ ಹದಿನಾರು ರೂಪಾಯಿ ಚಿಲ್ಲರೆ. ಅದರಲ್ಲೇ ಪೆನ್ನು, ಪುಸ್ತಕ, ಬಸ್ಸು, ಸಾಬೂನು. ಇದರಲ್ಲಿ 60 ಪಾಲು ಕೇಂದ್ರದ್ದು, 40 ಪಾಲು ರಾಜ್ಯದ್ದು. ರಾಜ್ಯದ ಪಾಲು ಮೊದಲು ಹೋಗಬೇಕು, ಅದರ ಹಿಂದೆ ಕೇಂದ್ರದ್ದು. ಮುಂದಿನ ಎತ್ತು ನಿಂತರೆ ಹಿಂದಿನದೂ ನಿಲ್ಲುತ್ತದೆ.

ನಮ್ಮ ಭಾಗಕ್ಕೆ ಸಂವಿಧಾನದ 371(ಜೆ) ಬಂದಿದೆ. 2012ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿತು. ಇಲ್ಲಿಯ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ 8 ಸೀಟು ಈ ಭಾಗದವರಿಗೆ. ಒಳ್ಳೆಯದೇ. ಸೀಟು ಬಂತು. ಆದರೆ ಸೀಟು ಹಿಡಿಯುವ ಕಡೇ ದಿನದ ರೊಕ್ಕ?

ಇಲ್ಲೇ ನಮ್ಮ ಮಕ್ಕಳು ಬೀಳುತ್ತಾರೆ. 2024ರಲ್ಲಿ ಉತ್ತರ ಪ್ರದೇಶದ ಮುಜಫ್ಫರನಗರ ಜಿಲ್ಲೆಯ ಒಬ್ಬ ದಲಿತ ಹುಡುಗ, ದಿನಗೂಲಿಯ ಮಗ, ಧನಬಾದಿನ ಐಐಟಿಯಲ್ಲಿ ಸೀಟು ಗಳಿಸಿದ. ಜೂನ್ 24ರ ಸಂಜೆ 5 ಗಂಟೆಯೊಳಗೆ 17,500 ರೂಪಾಯಿ ಕಟ್ಟಬೇಕಿತ್ತು. ಊರವರ ಹತ್ತಿರ ಕೂಡಿಸಿ ತರುವಷ್ಟರಲ್ಲಿ ಗಂಟೆ ಮೀರಿತು, ಸೀಟು ಹೋಯಿತು. ಅವರು ಸುಮ್ಮನೆ ಕೂಡಲಿಲ್ಲ. ಪರಿಶಿಷ್ಟ ಜಾತಿ ಆಯೋಗಕ್ಕೆ ಹೋದರು, ಹೈಕೋರ್ಟುಗಳಿಗೆ ಹೋದರು, ಕಡೆಗೆ ಸುಪ್ರೀಂ ಕೋರ್ಟಿಗೆ ಹೋದರು. ಸೆಪ್ಟೆಂಬರ್ 30ರಂದು ಕೋರ್ಟು ತನ್ನ 142ನೇ ವಿಧಿಯ ಅಧಿಕಾರ ಬಳಸಿ ಅವನಿಗೆ ಸೀಟು ಕೊಡಿಸಿತು. ಗೆದ್ದ, ಖರೆ. ಆದರೆ ಹದಿನೇಳೂವರೆ ಸಾವಿರ ರೂಪಾಯಿಗೆ ದೇಶದ ದೊಡ್ಡ ಕೋರ್ಟಿನ ತನಕ ಹೋಗಬೇಕಾಯಿತು. ಹೋಗಲಾರದೆ ಹಳ್ಳಿಗೆ ತಿರುಗಿದವರ ಹೆಸರು ಯಾವ ಪೇಪರಿನಲ್ಲೂ ಬಂದಿಲ್ಲ.

ಆ ಕಡೇ ದಿನವನ್ನು ಕಾಯುತ್ತ ಕೂತವನು ಒಬ್ಬನಿದ್ದಾನೆ, ಬಡ್ಡಿ ಸಾವುಕಾರ. ತಿಂಗಳಿಗೆ ನೂರಕ್ಕೆ ಐದರಂತೆ 20,000 ತಂದರೆ ವರ್ಷಕ್ಕೆ 12,000 ಬಡ್ಡಿ. ಸ್ಕಾಲರ್‌ಶಿಪ್ ಬರುವ ಹೊತ್ತಿಗೆ ಅದು ಬಡ್ಡಿಯ ಪಾಲಾಗಿರುತ್ತದೆ. ಆದ್ದರಿಂದ ಕೆಲವು ಕೆಲಸ ಈಗಲೇ ಮಾಡೋಣ.

ಒಂದು. ಜಾತಿ, ವರಮಾನದ ಪ್ರಮಾಣಪತ್ರ, 371(ಜೆ) ಪತ್ರ, ಇವನ್ನು ರಿಸಲ್ಟಿಗೆ ಮೊದಲೇ ಮಾಡಿಸಿ ಇಟ್ಟುಕೊಳ್ಳಿ. ಮಾರ್ಕ್ಸ್ ಕಾರ್ಡಿನಲ್ಲಿ, ಆಧಾರಿನಲ್ಲಿ, ಬ್ಯಾಂಕ್ ಪುಸ್ತಕದಲ್ಲಿ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಲಿ. ಖಾತೆಗೆ ಆಧಾರ್ ಜೋಡಿಸಿದೆಯೋ ಇಲ್ಲವೋ ಕೇಳಿ. ಒಂದು ಅಕ್ಷರಕ್ಕೆ ಒಂದು ವರ್ಷದ ರೊಕ್ಕ ನಿಲ್ಲುತ್ತದೆ.

ಎರಡು. 2021ರ ನಿಯಮಗಳಲ್ಲೇ ಫ್ರೀಶಿಪ್ ಕಾರ್ಡ್ ಎಂಬುದಿದೆ. ಅರ್ಹ ವಿದ್ಯಾರ್ಥಿ ಮುಂಗಡ ಶುಲ್ಕ ಕಟ್ಟದೆ ಸೇರಿಕೊಳ್ಳಲಿ ಎಂದೇ ಅದು ಇರುವುದು. ಸಮಾಜ ಕಲ್ಯಾಣ ಇಲಾಖೆಯಲ್ಲಿ ಕೇಳಿ. 'ಅದೆಲ್ಲಾ ಇಲ್ಲ' ಎಂದರೆ ಅದನ್ನೇ ಬರೆದು ಕೊಡಿರಿ ಎನ್ನಿ. ಬಾಯಿಮಾತಿನಲ್ಲಿ ಇಲ್ಲ ಎಂದವರು ಕಾಗದದ ಮೇಲೆ ಇಲ್ಲ ಎನ್ನಲು ಹಿಂಜರಿಯುತ್ತಾರೆ.

ಮೂರು. ಸಾಲ ಬೇಕೇ ಬೇಕಾದರೆ ಬ್ಯಾಂಕಿಗೆ ಹೋಗಿ. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಹೊಲ ಮನೆ ಅಡವು ಕೇಳುವಂತಿಲ್ಲ. ಆದರೂ ಸಾಲ ಸಾಲವೇ. ಜಾಹೀರಾತಿನ ಬಣ್ಣ ನೋಡಿ ದುಬಾರಿ ಖಾಸಗಿ ಕಾಲೇಜಿಗೆ ಹಾರಬೇಡಿ. ಹತ್ತಿರದ ಸರ್ಕಾರಿ ಕಾಲೇಜು, ಕಲಬುರಗಿಯ ಹಾಸ್ಟೆಲು, ಅಲ್ಲಿಯ ವಿಶ್ವವಿದ್ಯಾಲಯ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಇವೂ ಕಾಲೇಜೇ.

ನಾಲ್ಕು. ನಮ್ಮದೇ ಒಂದು ಗಂಟು ಕಟ್ಟೋಣ. 75 ಮಂದಿ ತಿಂಗಳಿಗೆ 20 ರೂಪಾಯಿ ಹಾಕಿದರೆ ತಿಂಗಳಿಗೆ 1,500, ವರ್ಷಕ್ಕೆ 18,000. ಆ ಹುಡುಗನಿಗೆ ಬೇಕಾಗಿದ್ದುದು 17,500. ಕಡೇ ದಿನಕ್ಕೆ ಸಿಕ್ಕಿಬಿದ್ದವರಿಗೆ ಅದರಿಂದ ಕೊಡುವುದು, ಸ್ಕಾಲರ್‌ಶಿಪ್ ಬಂದ ಮೇಲೆ ಬಡ್ಡಿಯಿಲ್ಲದೆ ವಾಪಸು ಹಾಕುವುದು. ಲೆಕ್ಕದ ವಹಿ ಹಾಸ್ಟೆಲ್ ಗೋಡೆಗೇ ತೂಗಬಿಡೋಣ, ಯಾರು ಬೇಕಾದರೂ ನೋಡಲಿ. ಇದರಿಂದ ಸರ್ಕಾರದ ಹೊಣೆ ತೀರುವುದಿಲ್ಲ. ವೇತನ ತಡವಾದಾಗ ತಹಸೀಲ್ ಕಚೇರಿ ಮುಂದೆ ಕೂಡುವುದು ಇದ್ದೇ ಇದೆ. ಆದರೆ ಧರಣಿ ಫಲ ಕೊಡುವ ತನಕ ಸೀಟು ಕಾಯುವುದಿಲ್ಲ.

ಕಡೆಯ ಮಾತು ನಮ್ಮ ಮನೆಯೊಳಗಿನದು. ರೊಕ್ಕ ಒಬ್ಬರಿಗೇ ಸಾಲುವಾಗ ನಮ್ಮ ಮನ್ಯಾಗ ಏನು ನಡೀತದ? ಅಕ್ಕನಿಗೆ ತಮ್ಮನಿಗಿಂತ ಹೆಚ್ಚು ಮಾರ್ಕ್ಸ್ ಬಂದಿರುತ್ತದೆ. ಆದರೂ 'ತಮ್ಮ ಓದ್ಲಿ, ನೀ ನನ್ನ ಕೂಡ ಕೂಲಿಗಿ ಬಾ' ಎನ್ನುತ್ತಾರೆ. ಅವಳು ಬುತ್ತಿ ಕಟ್ಟಿಕೊಂಡು ಕೂಲಿಗೆ ಹೋಗುತ್ತಾಳೆ. ನಾವು ಅವಳ ಕೂಲಿಯ ಮೇಲೆ ಕಾಲೇಜಿಗೆ ಹೋಗಿ ಸಮಾನತೆಯ ಭಾಷಣ ಮಾಡುತ್ತೇವೆ. ಊರಿನವರು ನಮಗೆ ಮಾಡಿದ್ದನ್ನೇ ನಾವು ಅಕ್ಕತಂಗಿಯರಿಗೆ ಮಾಡಿದರೆ ನಮಗೂ ಅವರಿಗೂ ಏನು ಫರಕು? ರಾಮಜಿ ಕೈಗೆ ಒಡವೆ ಬಿಚ್ಚಿಕೊಟ್ಟ ಆ ಹೆಣ್ಣುಮಕ್ಕಳ ಋಣ ಇನ್ನೂ ತೀರಿಲ್ಲ. ನಾವು ಕಟ್ಟುವ ಗಂಟಿನ ಮೊದಲ ರೊಕ್ಕ ಓದು ಬಿಡುವ ಅಂಚಿನಲ್ಲಿರುವ ಹುಡುಗಿಗೆ ಹೋಗಲಿ. ಇದನ್ನು ಈ ಸಭೆಯಲ್ಲೇ ಗೊತ್ತುಮಾಡಿ ಏಳೋಣ.

ಮುಂದಿನ ವರ್ಷ ರಿಸಲ್ಟ್ ಬಂದ ದಿನ ಅಪ್ಪ 'ರೊಕ್ಕ ಎಲ್ಲಿಂದ ತರೂದು' ಎಂದು ಕೇಳಿದರೆ ಹುಡುಗ ಹುಡುಗಿಯರ ಕೈಯಲ್ಲಿ ಕಾಗದಗಳು ಸಿದ್ಧ ಇರಲಿ, ಬಾಯಲ್ಲಿ ಉತ್ತರ ಇರಲಿ, ಬೆನ್ನಿಗೆ ನಾವಿರೋಣ.

ಜೈ ಭೀಮ್.