ಸೈಟ್ ಬಿದ್ದಿದೆ ಅಂದ್ರೆ ಬರಹ ಹೋಯ್ತು ಅಂತಲ್ಲ

ಸ್ವಂತ ಡೊಮೇನ್ ತಗೊಂಡು, ಹೋಸ್ಟಿಂಗ್‌ಗೆ ವರ್ಷ ವರ್ಷ ದುಡ್ಡು ಕಟ್ಟಿ, ಅದರಲ್ಲಿ ವರ್ಡ್‌ಪ್ರೆಸ್ ಹಾಕ್ಕೊಂಡು ಕನ್ನಡದಲ್ಲಿ ಬರೀತಿರೋರಿಗೆ ಇವತ್ತಿನ ಎಪಿಸೋಡ್. ಮುಂದೆ ಶುರು ಮಾಡಬೇಕು ಅಂತಿರೋರೂ ಕೇಳಿ, ಉಪಯೋಗಕ್ಕೆ ಬರುತ್ತೆ.

ಒಂದು ದಿನ ಬೆಳಿಗ್ಗೆ ಮೊಬೈಲ್‌ನಲ್ಲಿ ನಿಮ್ಮ ಸೈಟ್ ತೆರೀತೀರ. ಬರೀ ಬಿಳಿ ಪರದೆ. ಇಲ್ಲಾಂದ್ರೆ ಡೇಟಾಬೇಸ್ ಸಂಪರ್ಕ ಸಿಗ್ತಿಲ್ಲ ಅನ್ನೋ ಒಂದು ಸಾಲು. ಇಲ್ಲಾಂದ್ರೆ ಪುಟ ಬರುತ್ತೆ, ಆದ್ರೆ ಕನ್ನಡ ಇದ್ದ ಕಡೆಯೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಐದಾರು ವರ್ಷ ಕೂತು ಬರೆದದ್ದು, ಅಜ್ಜಿ ಹೇಳಿದ ಕಥೆ, ಊರ ಕೆರೆ ಬಗ್ಗೆ ಓಡಾಡಿ ಸಂಗ್ರಹಿಸಿದ ಮಾಹಿತಿ, ಎಲ್ಲ ಅಲ್ಲೇ ಇದೆ. ಬೇರೆಲ್ಲೂ ಕಾಪಿ ಇಲ್ಲ. ಎದೆ ಧಸಕ್ ಅನ್ನುತ್ತೆ.

ಆ ಗಾಬರೀಲಿ ತುಂಬಾ ಜನ ಮಾಡೋ ಕೆಲಸ ಒಂದಿದೆ. ಎಲ್ಲ ತೆಗೆದು ಹೊಸದಾಗಿ ಇನ್‌ಸ್ಟಾಲ್ ಮಾಡೋಣ ಅಂತ ಹೋಸ್ಟಿಂಗ್ ಪ್ಯಾನೆಲ್‌ಗೆ ಹೋಗಿ ಅನ್‌ಇನ್‌ಸ್ಟಾಲ್ ಒತ್ತೋದು. ದಯವಿಟ್ಟು ಅದನ್ನ ಮಾಡಬೇಡಿ. ಎಷ್ಟೋ ಪ್ಯಾನೆಲ್‌ಗಳಲ್ಲಿ ಆ ಬಟನ್ ನಿಮ್ಮ ಡೇಟಾಬೇಸನ್ನೂ ಅಳಿಸಿಹಾಕುತ್ತೆ. ಅಲ್ಲೀವರೆಗೆ ಸುರಕ್ಷಿತವಾಗಿದ್ದ ಬರಹ ಹೋಗೋದು ಆಗ.

ಯಾಕೆ ಅಂತ ಅರ್ಥ ಆಗಬೇಕಾದ್ರೆ, ಏನು ಎಲ್ಲಿದೆ ಅಂತ ಗೊತ್ತಿರಬೇಕು. ವರ್ಡ್‌ಪ್ರೆಸ್‌ನಲ್ಲಿ ಎರಡು ಭಾಗ. ಒಂದು, ಫೈಲ್‌ಗಳು: ಸಾಫ್ಟ್‌ವೇರ್, ಥೀಮ್, ಪ್ಲಗಿನ್, ನೀವು ಹಾಕಿದ ಫೋಟೋಗಳು. ಇನ್ನೊಂದು, ಡೇಟಾಬೇಸ್: ನೀವು ಬರೆದ ಪ್ರತಿ ಅಕ್ಷರ ಇರೋದು ಇಲ್ಲಿ. ಬಿಳಿ ಪರದೆ ಬಂದಾಗ ಸಾಮಾನ್ಯವಾಗಿ ಕೆಟ್ಟಿರೋದು ಮೊದಲನೇ ಭಾಗ. ಎರಡನೇದು ತನ್ನ ಪಾಡಿಗೆ ತಾನು ಚೆನ್ನಾಗೇ ಇರುತ್ತೆ.

ಹಾಗಾಗಿ ಮೊದಲ ಕೆಲಸ ರಿಪೇರಿ ಅಲ್ಲ, ಕಾಪಿ. ಸೈಟ್ ಬಿದ್ದಿದ್ರೂ ಬ್ಯಾಕಪ್ ತಗೋಬಹುದು, ಇದು ಬಹಳ ಜನಕ್ಕೆ ಗೊತ್ತಿರಲ್ಲ. ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ ಪಿಎಚ್‌ಪಿ-ಮೈಅಡ್ಮಿನ್ ಅಂತ ಇರುತ್ತೆ. ಅದಕ್ಕೂ ವರ್ಡ್‌ಪ್ರೆಸ್‌ಗೂ ಸಂಬಂಧ ಇಲ್ಲ, ಸೈಟ್ ಸತ್ತಿದ್ರೂ ಅದು ತೆರೆಯುತ್ತೆ. ಅಲ್ಲಿ ಡೇಟಾಬೇಸ್ ಆರಿಸಿ, ಎಕ್ಸ್‌ಪೋರ್ಟ್ ಕೊಟ್ಟು ಇಳಿಸಿಕೊಳ್ಳಿ. ಆಮೇಲೆ ಫೈಲ್ ಮ್ಯಾನೇಜರ್‌ನಲ್ಲಿ ಡಬ್ಲ್ಯೂಪಿ-ಕಂಟೆಂಟ್ ಅನ್ನೋ ಫೋಲ್ಡರ್ ಪೂರ್ತಿ ಇಳಿಸಿಕೊಳ್ಳಿ. ಫೋಟೋ, ಥೀಮ್, ಪ್ಲಗಿನ್ ಎಲ್ಲ ಅದರಲ್ಲೇ ಇರುತ್ತೆ. ಈ ಎರಡು ನಿಮ್ಮ ಕೈಗೆ ಬಂದ್ವು ಅಂದ್ರೆ ಅರ್ಧ ಗಾಬರಿ ಇಳೀತು.

ಈಗ ತೊಂದರೆ ಹುಡುಕೋದು. ನಾನು ಓದಿದ್ದು ಬಿ.ಕಾಂ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ರೆ ಇಡೀ ಲೆಡ್ಜರ್ ಹರಿದು ಹಾಕಿ ಮತ್ತೆ ಬರಿಯಲ್ಲ. ವ್ಯತ್ಯಾಸ ಎಷ್ಟು ಅಂತ ನೋಡ್ತೀವಿ. ಅದು ಒಂಬತ್ತರಿಂದ ಭಾಗ ಆದ್ರೆ, ಎಲ್ಲೋ 54ರ ಬದಲು 45 ಬರೆದಿರಬಹುದು ಅಂತ ಅನುಮಾನ ಪಡ್ತೀವಿ. ತಪ್ಪಿನ ರೂಪವೇ ಎಲ್ಲಿ ಹುಡುಕಬೇಕು ಅಂತ ಹೇಳುತ್ತೆ. ಇಲ್ಲೂ ಹಾಗೇ.

ಬಿಳಿ ಪರದೆ, ಅಥವಾ 'ಕ್ರಿಟಿಕಲ್ ಎರರ್' ಅಂತ ಬಂದ್ರೆ ಮೊದಲ ಅನುಮಾನ ಪ್ಲಗಿನ್ ಮೇಲೆ. 2019ರಲ್ಲಿ ಬಂದ 5.2 ಆವೃತ್ತಿಯಿಂದ, ಸೈಟ್ ಹೀಗೆ ಬಿದ್ದಾಗ ಅಡ್ಮಿನ್ ಇಮೇಲ್‌ಗೆ ಒಂದು ರಿಕವರಿ ಲಿಂಕ್ ಬರುತ್ತೆ. ಸ್ಪ್ಯಾಮ್ ಫೋಲ್ಡರ್ ಕೂಡ ನೋಡಿ. ಬಂದಿಲ್ವಾ? ಡಬ್ಲ್ಯೂಪಿ-ಕಂಟೆಂಟ್ ಒಳಗೆ ಪ್ಲಗಿನ್ಸ್ ಅನ್ನೋ ಫೋಲ್ಡರ್ ಇದೆ, ಅದರ ಹೆಸರು ಬದಲಾಯಿಸಿ. ಡಿಲೀಟ್ ಅಲ್ಲ, ಹೆಸರು ಮಾತ್ರ. ಆಗ ಎಲ್ಲ ಪ್ಲಗಿನ್ ಒಟ್ಟಿಗೆ ನಿಲ್ಲುತ್ತೆ. ಸೈಟ್ ಎದ್ದು ಬಂದ್ರೆ ಕಳ್ಳ ಅಲ್ಲೇ ಇದ್ದಾನೆ ಅಂತ ಆಯ್ತು. ಅಡ್ಮಿನ್‌ನಲ್ಲಿ ಪ್ಲಗಿನ್ ಪುಟ ಒಮ್ಮೆ ತೆರೆದು, ಫೋಲ್ಡರ್‌ಗೆ ಹಳೇ ಹೆಸರು ಕೊಟ್ಟು, ಒಂದೊಂದಾಗಿ ಆನ್ ಮಾಡ್ತಾ ಹೋಗಿ. ಯಾವುದಕ್ಕೆ ಮತ್ತೆ ಬೀಳುತ್ತೋ ಅದೇ ಕಾರಣ.

'ನಾನು ಏನೂ ಮುಟ್ಟೇ ಇಲ್ಲ, ಆದ್ರೂ ಬಿತ್ತು' ಅಂತೀರಾ? ಅದೂ ನಿಜ ಇರಬಹುದು. ವರ್ಡ್‌ಪ್ರೆಸ್ ಓಡೋದು ಪಿಎಚ್‌ಪಿ ಮೇಲೆ. ಹೋಸ್ಟಿಂಗ್‌ನವರು ಪಿಎಚ್‌ಪಿ 7ರಿಂದ 8ಕ್ಕೆ ಬದಲಾಯಿಸಿದಾಗ, ವರ್ಷಗಳಿಂದ ಅಪ್‌ಡೇಟ್ ಕಾಣದ ಪ್ಲಗಿನ್ ಮುರಿದು ಬೀಳಬಹುದು. ಪ್ಯಾನೆಲ್‌ನಲ್ಲಿ ತಾತ್ಕಾಲಿಕವಾಗಿ ಹಳೇ ಆವೃತ್ತಿಗೆ ಹೋಗಿ ನೋಡಿ. ಎದ್ದು ಬಂದ್ರೆ ಆ ಪ್ಲಗಿನ್‌ಗೆ ಬದಲಿ ಹುಡುಕಿ, ಮತ್ತೆ ಹೊಸ ಆವೃತ್ತಿಗೆ ಬನ್ನಿ. ಹಳೇದರಲ್ಲೇ ಉಳಿಯೋದು ಸುರಕ್ಷಿತ ಅಲ್ಲ.

ಡೇಟಾಬೇಸ್ ಸಂಪರ್ಕ ಇಲ್ಲ ಅಂತ ಬಂದ್ರೆ, ಡೇಟಾಬೇಸ್ ಅಳಿಸಿಹೋಗಿದೆ ಅಂತ ಅರ್ಥ ಅಲ್ಲ. ವರ್ಡ್‌ಪ್ರೆಸ್‌ಗೆ ಅದರ ಬಾಗಿಲು ತೆಗೆಯೋಕೆ ಆಗ್ತಿಲ್ಲ ಅಷ್ಟೇ. ಡಬ್ಲ್ಯೂಪಿ-ಕಾನ್ಫಿಗ್ ಫೈಲ್‌ನಲ್ಲಿ ನಾಲ್ಕು ವಿವರ ಇರುತ್ತೆ: ಡೇಟಾಬೇಸ್ ಹೆಸರು, ಯೂಸರ್, ಪಾಸ್‌ವರ್ಡ್, ಹೋಸ್ಟ್. ಪ್ಯಾನೆಲ್‌ನಲ್ಲಿ ಇರೋದಕ್ಕೂ ಇದಕ್ಕೂ ತಾಳೆ ನೋಡಿ. ನಾಲ್ಕೂ ಸರಿ ಇದ್ರೆ ಸರ್ವರ್ ಕಡೆ ತೊಂದರೆ, ಸಪೋರ್ಟ್‌ಗೆ ಬರೀರಿ. ಇನ್ನು, ಮುಖಪುಟ ತೆರೆದು, ಒಳಗಿನ ಲೇಖನಗಳು ಮಾತ್ರ 404 ಅಂದ್ರೆ? ಸೆಟ್ಟಿಂಗ್ಸ್‌ನಲ್ಲಿ ಪರ್ಮಾಲಿಂಕ್ಸ್‌ಗೆ ಹೋಗಿ, ಏನೂ ಬದಲಾಯಿಸದೆ ಸೇವ್ ಒತ್ತಿ. ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತೆ.

ಕೊನೇದು ನಮ್ಮ ಕನ್ನಡದ್ದೇ ತಾಪತ್ರಯ. ಹೆಚ್ಚಾಗಿ ಬರೋದು ಒಂದು ಹೋಸ್ಟಿಂಗ್‌ನಿಂದ ಇನ್ನೊಂದಕ್ಕೆ ಸೈಟ್ ಸಾಗಿಸುವಾಗ. ಇಲ್ಲಿ ಪರದೆ ಮೇಲೆ ಏನು ಕಾಣುತ್ತೆ ಅನ್ನೋದನ್ನ ಸರಿಯಾಗಿ ನೋಡ್ಬೇಕು.

ಖಾಲಿ ಚೌಕಗಳು ಕಂಡ್ರೆ, ಆ ಫೋನ್ ಅಥವಾ ಕಂಪ್ಯೂಟರ್‌ನಲ್ಲಿ ಕನ್ನಡ ಫಾಂಟ್ ಇಲ್ಲ. ಬರಹಕ್ಕೆ ಏನೂ ಆಗಿಲ್ಲ. ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಂಡ್ರೆ, ಡೇಟಾ ಇದೆ, ಓದೋ ಎನ್‌ಕೋಡಿಂಗ್ ತಪ್ಪಿದೆ. ಇದನ್ನ ಸಾಮಾನ್ಯವಾಗಿ ವಾಪಸ್ ತರಬಹುದು. ಅಲ್ಲೀವರೆಗೆ ಆ ಲೇಖನ ತೆರೆದು ಮತ್ತೆ ಸೇವ್ ಮಾಡಬೇಡಿ.

ಪ್ರಶ್ನಾರ್ಥಕ ಚಿಹ್ನೆ ಕಂಡ್ರೆ ಪಿಎಚ್‌ಪಿ-ಮೈಅಡ್ಮಿನ್‌ನಲ್ಲಿ ಪೋಸ್ಟ್ಸ್ ಟೇಬಲ್ ತೆರೆದು ನೋಡಿ. ಅಲ್ಲಿ ಕನ್ನಡ ಕಾಣಿಸ್ತಿದ್ರೆ ಬದುಕಿಕೊಂಡ್ರಿ, ಸಂಪರ್ಕದ ಕ್ಯಾರೆಕ್ಟರ್ ಸೆಟ್ ಮಾತ್ರ ಸರಿ ಮಾಡಬೇಕು. ಅಲ್ಲೂ ಪ್ರಶ್ನಾರ್ಥಕವೇ ಇದ್ರೆ, ಆ ಡೇಟಾಬೇಸ್‌ನಲ್ಲಿ ನಿಮ್ಮ ಅಕ್ಷರ ಇಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಕೋಡ್‌ಗೆ 3 ಬೈಟ್ ಬೇಕು. ಇಂಗ್ಲಿಷ್‌ನಂಥ ಭಾಷೆಗಳಿಗೆ ಮಾಡಿದ ಹಳೇ ಲ್ಯಾಟಿನ್-1 ಸೆಟ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ. ಹಾಗಾಗಿ ಪ್ರತಿ ಅಕ್ಷರ ಎಸೆದು ಒಂದು ಪ್ರಶ್ನಾರ್ಥಕ ಬರೆದುಬಿಡುತ್ತೆ. ಯಾವ ಪ್ಲಗಿನ್ ಕೂಡ ಅದನ್ನ ಮರಳಿಸಲ್ಲ. ಇರೋ ದಾರಿ ಹಳೇ ಬ್ಯಾಕಪ್ ಅಥವಾ ಹಳೇ ಹೋಸ್ಟಿಂಗ್.

ಅದಕ್ಕೇ ಹೇಳೋದು: ಸೈಟ್ ಸಾಗಿಸುವಾಗ ಹಳೇ ಹೋಸ್ಟಿಂಗ್ ಕೂಡಲೇ ಕ್ಯಾನ್ಸಲ್ ಮಾಡಬೇಡಿ. ಹೊಸ ಡೇಟಾಬೇಸ್ ಯುಟಿಎಫ್-8-ಎಂಬಿ-4ರಲ್ಲಿ ಇದೆಯಾ ನೋಡಿ. 2015ರ 4.2 ಆವೃತ್ತಿಯಿಂದ ವರ್ಡ್‌ಪ್ರೆಸ್ ಬಳಸ್ತಿರೋದು ಅದನ್ನೇ. ಕನ್ನಡವೂ ಹಿಡಿಯುತ್ತೆ, 4 ಬೈಟ್ ಬೇಕಾಗೋ ಇಮೋಜಿಯೂ ಹಿಡಿಯುತ್ತೆ. ಹೊಸ ಸೈಟ್‌ನಲ್ಲಿ ಹಳೇದೊಂದು, ಹೊಸದೊಂದು ಲೇಖನ ತೆರೆದು, ಒತ್ತಕ್ಷರ ಸಮೇತ ಪೂರ್ತಿ ಓದಿ. ಆಮೇಲೆ ಹಳೇ ಹೋಸ್ಟಿಂಗ್ ಬಿಡಿ.

ಇಷ್ಟೆಲ್ಲ ಕೇಳಿ ಏನೂ ನೆನಪಿರದಿದ್ರೂ ಪರವಾಗಿಲ್ಲ, ಒಂದು ಅಭ್ಯಾಸ ಮಾಡ್ಕೊಳ್ಳಿ. ತಿಂಗಳ ಒಂದನೇ ತಾರೀಕು ಡೇಟಾಬೇಸ್ ಇಳಿಸಿ, ಹೋಸ್ಟಿಂಗ್ ಬಿಟ್ಟು ಬೇರೆ ಕಡೆ ಇಡಿ. ಬ್ಯಾಕಪ್ ಕೂಡ ಅದೇ ಸರ್ವರ್‌ನಲ್ಲಿದ್ರೆ, ಸರ್ವರ್ ಹೋದಾಗ ಎರಡೂ ಹೋಗುತ್ತೆ. ಇಳಿಸಿದ ಫೈಲನ್ನ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು, ನಿಮ್ಮದೊಂದು ಸಾಲು ಹುಡುಕಿ. ಕನ್ನಡ ಕನ್ನಡವಾಗೇ ಕಾಣಿಸ್ತಾ? ಹಾಗಾದ್ರೆ ನೆಮ್ಮದಿಯಾಗಿ ಮಲಗಿ. ಈ ತಿಂಗಳದ್ದು ಇನ್ನೂ ಮಾಡಿಲ್ಲ ಅಂದ್ರೆ ಇವತ್ತೇ ಮಾಡಿ, ಹತ್ತು ನಿಮಿಷದ ಕೆಲಸ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.