ಬಿತ್ತುವವನ ತಾಳ್ಮೆ

(ಶತಮಾನೋತ್ಸವದ ಪೂರ್ವಸಿದ್ಧತಾ ಸಭೆಯಲ್ಲಿ ನೀಡಿದ ಉಪನ್ಯಾಸ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬುತ್ತಿರುವ ಈ ಸುಸಂದರ್ಭದಲ್ಲಿ ನಾವು ಹಳೆಯ ಲೆಕ್ಕಪತ್ರಗಳನ್ನು ತೆರೆದು ನೋಡುವುದು ಸಹಜ. ಅಡಿಗಲ್ಲು ಇಟ್ಟ ದಿನ, ಘಂಟೆ ಏರಿಸಿದ ವರ್ಷ, ಜ್ಞಾನಸ್ನಾನ ಪಡೆದವರ ಹೆಸರು, ಇವೆಲ್ಲ ಪುಸ್ತಕಗಳಲ್ಲಿ ದೊರೆಯುತ್ತವೆ. ಆದರೆ ವಿಶ್ವಾಸವು ಒಂದು ಹೃದಯದಿಂದ ಇನ್ನೊಂದು ಹೃದಯಕ್ಕೆ ಹೇಗೆ ದಾಟಿ ಬಂದಿತು ಎಂಬುದು ಯಾವ ಪುಸ್ತಕದಲ್ಲಿಯೂ ದಾಖಲಾಗಿಲ್ಲ. ಅಜ್ಜಿಯ ಮಡಿಲಲ್ಲಿ ಕಲಿತ ಶಿಲುಬೆಯ ಗುರುತು, ಉಪದೇಶಿಯೊಬ್ಬರು ಮಳೆಯಲ್ಲಿ ನಡೆದು ಬಂದು ಹೇಳಿಕೊಟ್ಟ ಜಪ, ಹೀಗೆ ಅದು ಸದ್ದಿಲ್ಲದೆ ಬಂದಿದೆ. ಹಾಗೆ ಪಡೆದುದನ್ನು ನಾವು ಮುಂದಿನವರಿಗೆ ಯಾವ ರೀತಿಯಲ್ಲಿ ಕೊಡಲಿದ್ದೇವೆ ಎಂಬುದೇ ಇಂದು ನಮ್ಮ ಮುಂದಿರುವ ಪ್ರಶ್ನೆ.

ಪ್ರೇಷಿತರಾದ ಸಂತ ಪೇತ್ರರು ತಮ್ಮ ಮೊದಲನೆಯ ಪತ್ರದ ಮೂರನೆಯ ಅಧ್ಯಾಯದಲ್ಲಿ ಇದಕ್ಕೆ ದಾರಿ ತೋರಿಸಿದ್ದಾರೆ. ನಮ್ಮ ನಿರೀಕ್ಷೆಯ ಕಾರಣವನ್ನು ಕೇಳುವವರಿಗೆ ಉತ್ತರ ಕೊಡಲು ಸದಾ ಸಿದ್ಧರಾಗಿರಬೇಕು, ಆದರೆ ಆ ಉತ್ತರ ಮೃದುವಾಗಿಯೂ ಗೌರವಪೂರ್ವಕವಾಗಿಯೂ ಇರಬೇಕು ಎಂಬುದು ಅವರ ಬೋಧನೆಯ ಸಾರ. ಇಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ಯಾರಾದರೂ ಕೇಳಿದಾಗಲಲ್ಲವೇ ಉತ್ತರ? ಹಾಗಾದರೆ ನಮ್ಮನ್ನು ನೋಡಿ ನೆರೆಯವರಲ್ಲಿ ಪ್ರಶ್ನೆ ಹುಟ್ಟುವಂತೆ ಬಾಳುವುದು ನಮ್ಮ ಮೊದಲ ಕರ್ತವ್ಯವಾಯಿತು.

ಈ ಮಾತನ್ನು ಬರೆದ ಪೇತ್ರರಾದರೂ ಹುಟ್ಟಿನಿಂದ ಸೌಮ್ಯರಾಗಿರಲಿಲ್ಲ. ಯೇಸುಸ್ವಾಮಿಯನ್ನು ಬಂಧಿಸಲು ಬಂದ ರಾತ್ರಿ ಅವರು ಕತ್ತಿ ಹಿರಿದು ಪ್ರಧಾನ ಯಾಜಕನ ಆಳಾದ ಮಲ್ಕನ ಬಲಗಿವಿಯನ್ನು ಕತ್ತರಿಸಿದರು. ಸ್ವಾಮಿಯಾದರೋ ಆ ಕಿವಿಯನ್ನು ಮುಟ್ಟಿ ಗುಣಪಡಿಸಿದರು. ಕಿವಿಯನ್ನೇ ಕತ್ತರಿಸಿದ ಮೇಲೆ ಶುಭಸಂದೇಶವನ್ನು ಕೇಳುವುದಾದರೂ ಹೇಗೆ? ನಾವು ಕತ್ತಿ ಹಿಡಿಯದೆ ಇರಬಹುದು. ಆದರೆ ಹರಿತವಾದ ಒಂದು ಮಾತಿನಿಂದ, ಒಂದು ಕುಹಕದಿಂದ ಎಷ್ಟು ಕಿವಿಗಳನ್ನು ಕತ್ತರಿಸಿದ್ದೇವೆಯೋ, ದೇವರೇ ಬಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಸ್ವಾಮಿಯ ರೀತಿಯನ್ನೇ ನೋಡೋಣ. ಸಮಾರಿಯದ ಬಾವಿಯ ಬಳಿ ಅವರು ಬೋಧನೆಯಿಂದ ಆರಂಭಿಸಲಿಲ್ಲ. ಕುಡಿಯಲು ನೀರು ಕೇಳಿದರು. ಎಮ್ಮಾವಿನ ದಾರಿಯಲ್ಲಿ ಮೊದಲು ಜೊತೆಗೆ ನಡೆದರು, ದುಃಖದಲ್ಲಿದ್ದ ಇಬ್ಬರ ಮಾತನ್ನು ಪೂರ್ತಿಯಾಗಿ ಕೇಳಿದರು, ಅನಂತರ ವಿವರಿಸಿದರು. ಊರು ಬಂದಾಗ ಮುಂದೆ ಹೋಗುವವರಂತೆ ತೋರಿಸಿಕೊಂಡರು. ಕರೆಯದೆ ಅವರು ಮನೆಯೊಳಗೆ ಕಾಲಿಡಲಿಲ್ಲ.

ಈ ದಾರಿಯಲ್ಲಿ ನಡೆದ ಮಹನೀಯರಲ್ಲಿ ಸಂತ ಫ್ರಾನ್ಸಿಸ್ ಡಿ ಸೇಲ್ಸ್ ಅಗ್ರಗಣ್ಯರು. 1594ರಲ್ಲಿ ಯುವಗುರುವಾಗಿ ಅವರು ಶಾಬ್ಲೆ ಪ್ರಾಂತಕ್ಕೆ ಹೋದಾಗ ಅಲ್ಲಿಯ ಜನ ಕಥೋಲಿಕ ಧರ್ಮಸಭೆಯಿಂದ ದೂರವಾಗಿದ್ದರು. ಅವರ ಪ್ರಸಂಗ ಕೇಳಲು ಬರುವವರೇ ಇರಲಿಲ್ಲ. ಅವರು ಸಿಡಿಮಿಡಿಗೊಳ್ಳಲಿಲ್ಲ. ಹೇಳಬೇಕಾದುದನ್ನು ಹಾಳೆಗಳಲ್ಲಿ ಬರೆದು ಮನೆಮನೆಗೆ ತಲುಪಿಸಿದರು. ಕೊನೆಯ ಹಂತದಲ್ಲಿ ಅಲ್ಲಿಯ ಪ್ರಭುವಿನ ಅಧಿಕಾರಬಲವೂ ಸೇರಿಕೊಂಡಿತೆಂಬುದು ಚರಿತ್ರೆಯ ಮಾತು. ಅದು ನಮಗೆ ಮಾದರಿಯಲ್ಲ. ನಮಗೆ ಮಾದರಿ ಕೇಳುಗರಿಲ್ಲದ ಆ ಮೊದಲ ವರ್ಷಗಳ ಸಹನೆ. ಮುಂದೆ ಧರ್ಮಾಧ್ಯಕ್ಷರಾದ ಮೇಲೆ ಅವರು ಕಿವುಡನಾದ ಒಬ್ಬ ಬಡವನಿಗೆ ಕೈಸನ್ನೆಗಳ ಮೂಲಕ ಜ್ಞಾನೋಪದೇಶ ಕಲಿಸಿದರು. ಕಿವಿ ಕೇಳದವನಿಗೂ ತಲುಪುವ ಭಾಷೆಯೊಂದಿದೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ನಮ್ಮ ನಾಡಿನದೇ ಉದಾಹರಣೆಯೂ ಇದೆ. 1792ರಲ್ಲಿ ಫ್ರಾನ್ಸಿನಿಂದ ಹೊರಟು ಬಂದ ಅಬ್ಬೆ ದುಬ್ವಾ ಅವರು 1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ಮೇಲೆ ಮೈಸೂರು ಸೀಮೆಗೆ ಬಂದು, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಶ್ರಮಿಸಿದರು. ಈ ನೆಲದ ಉಡುಪು ಉಟ್ಟರು, ಊಟ ಉಂಡರು. ಜನ ಅವರನ್ನು ದೊಡ್ಡಸ್ವಾಮಿಗಳೆಂದು ಕರೆದರು. ಸಿಡುಬಿಗೆ ದೇವಿ ಹಾಕಿಸುವ ಕಾರ್ಯವನ್ನು ಕೈಗೊಂಡರು. ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ಬಡ ಕ್ರೈಸ್ತರನ್ನು ಬೇಸಾಯಕ್ಕೆ ನೆಲೆಗೊಳಿಸಿದರು. ಇಷ್ಟಾದರೂ 1823ರಲ್ಲಿ ಸ್ವದೇಶಕ್ಕೆ ಮರಳಿದ ಅವರು, ಈ ದೇಶದಲ್ಲಿ ಕ್ರೈಸ್ತ ವಿಶ್ವಾಸ ಬೇರೂರುವ ಭರವಸೆ ತಮಗಿಲ್ಲವೆಂಬ ಅರ್ಥದ ಪತ್ರಗಳನ್ನು ಪ್ರಕಟಿಸಿದರು. ಮೂರು ದಶಕ ಬಿತ್ತಿದವರು ಬರಿಗೈಯಲ್ಲಿ ಹೋದೆವೆಂದು ತಿಳಿದರು. ಆದರೆ ಇಂದು ಹಾಸನ, ಮೈಸೂರು ಸೀಮೆಗಳಲ್ಲಿ ಬಲಿಪೂಜೆಗೆ ಸೇರುವ ಜನರನ್ನು ಕಂಡಾಗ, ಬಿತ್ತಿದವನ ಲೆಕ್ಕವೇ ಬೇರೆ, ದೇವರ ಲೆಕ್ಕವೇ ಬೇರೆ ಎಂಬುದು ನಮಗೆ ಮನವರಿಕೆಯಾಗುತ್ತದೆ. ರಾಗಿ ಬಿತ್ತಿದ ರೈತ ಮರುದಿನವೇ ಮಣ್ಣು ಕೆದಕಿ ನೋಡುವುದಿಲ್ಲವಷ್ಟೆ.

ಈಗ ನಮ್ಮ ತಪ್ಪೊಂದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ನೆರೆಮನೆಯ ಹಿರಿಯರೊಬ್ಬರು ನಮ್ಮ ಉಪವಾಸಕಾಲದ ಬಗ್ಗೆ ಕುತೂಹಲದಿಂದ ಏನೋ ಕೇಳಿದರು. ನಾವು ಅದನ್ನು ವಾದವನ್ನಾಗಿ ಮಾಡಿ, ಅವರ ಆಚರಣೆಗಳನ್ನು ಹೀಯಾಳಿಸಿ, ಅವರು ಮೌನವಾದಾಗ ಗೆದ್ದೆವೆಂದು ಬೀಗಿದೆವು. ಅಂದಿನಿಂದ ಅವರು ನಮ್ಮ ಜಗಲಿಗೆ ಬರುವುದನ್ನು ಬಿಟ್ಟರು. ವಾದ ಗೆದ್ದಿತು, ನೆರೆ ಸೋತಿತು. ಎಷ್ಟೋ ಕಾಲದ ಮೇಲೆ ಅವರ ಪತ್ನಿ ತೀರಿಕೊಂಡಾಗ ನಾವು ಹೋಗಿ, ಏನೂ ಹೇಳದೆ, ಬಂದವರಿಗೆ ನೀರು ಕೊಡುತ್ತಾ ಇರುಳೆಲ್ಲ ಅಲ್ಲಿಯೇ ಇದ್ದೆವು. ಕ್ಷಮೆಯನ್ನೂ ಕೇಳಿದೆವು. ತಿಂಗಳು ಕಳೆದ ಮೇಲೆ ಅವರಾಗಿಯೇ ಬಂದು, ಸತ್ತವರ ಬಗ್ಗೆ ನಿಮ್ಮ ನಂಬಿಕೆ ಏನೆಂದು ಕೇಳಿದರು. ಪುನರುತ್ಥಾನದ ನಿರೀಕ್ಷೆಯನ್ನು ಅಂದು ತಗ್ಗಿದ ದನಿಯಲ್ಲಿ ಹೇಳಿದೆವು. ಅವರು ಕ್ರೈಸ್ತರಾಗಲಿಲ್ಲ. ಕಣ್ಣೊರೆಸಿಕೊಂಡು ಮನೆಗೆ ಹೋದರು. ಮುಂದಿನದು ಪವಿತ್ರಾತ್ಮರ ಕೆಲಸ.

ಮೃದುತ್ವವೆಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದು ಯಾರೂ ತಪ್ಪು ತಿಳಿಯಬಾರದು. ಭಯದ ಮೌನ ತಾಳ್ಮೆಯಲ್ಲ. ನಮ್ಮ ಸಂವಿಧಾನದ 25ನೆಯ ವಿಧಿಯು ಧರ್ಮವನ್ನು ಆಚರಿಸುವ ಹಕ್ಕಿನೊಂದಿಗೆ ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ. ಅದೇ ರೀತಿ ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಧಾರ್ಮಿಕ ಸ್ವಾತಂತ್ರ್ಯದ ಬಗ್ಗೆ ಹೊರಡಿಸಿದ ಘೋಷಣೆಯಲ್ಲಿ, ವಿಶ್ವಾಸದ ವಿಷಯದಲ್ಲಿ ಬಲಾತ್ಕಾರ ಸಲ್ಲದೆಂದು ಸ್ಪಷ್ಟಪಡಿಸಿದೆ. ಹೇಳುವ ಧೈರ್ಯವೂ ಬೇಕು, ಕೇಳುವವನ ಸ್ವಾತಂತ್ರ್ಯಕ್ಕೆ ತಲೆಬಾಗುವ ವಿನಯವೂ ಬೇಕು.

ಈ ತಾಳ್ಮೆ ಮೊದಲು ಬೇಕಾದುದು ನಮ್ಮ ಮನೆಗಳಲ್ಲಿ. ದೇವಾಲಯಕ್ಕೆ ಬರುವುದನ್ನು ನಿಲ್ಲಿಸಿದ ಮಗನನ್ನು ಗದರಿಸಿ ಕರೆತಂದರೆ ಅವನ ಕಾಲು ಬಂದೀತು, ಮನಸ್ಸು ಬಾರದು. ಅವನ ಸಂದೇಹಗಳನ್ನು ಕುಳಿತು ಕೇಳೋಣ. ತಿಳಿಯದುದನ್ನು ತಿಳಿಯದೆಂದು ಒಪ್ಪಿಕೊಳ್ಳೋಣ. ಅವನಿಗಾಗಿ ದಿನವೂ ಒಂದು ಜಪಸರ ಹೇಳೋಣ. ಊಟದ ವೇಳೆಗೆ ಅವನ ತಟ್ಟೆಯನ್ನು ತಪ್ಪದೆ ಇಡೋಣ.

ಪ್ರಿಯರೇ, ನಮ್ಮ ಹಿರಿಯರು ಈ ದೇವಾಲಯದ ಬಾಗಿಲನ್ನು ಅಗಲವಾಗಿಯೇ ಕಟ್ಟಿದ್ದಾರೆ. ಅದನ್ನು ತೆರೆದಿಡುವುದು ನಮ್ಮ ಪಾಲಿನ ಕೆಲಸ. ಒಳಗೆ ಕರೆಯುವವರು ಸ್ವಾಮಿ. ಶಾಂತಚಿತ್ತರೂ ದೀನಹೃದಯರೂ ಆದ ಯೇಸುಸ್ವಾಮಿಯು ನಮ್ಮ ನಾಲಿಗೆಗೆ ಮೃದುತ್ವವನ್ನೂ ನಮ್ಮ ಕಿವಿಗೆ ಸಹನೆಯನ್ನೂ ದಯಪಾಲಿಸಲಿ ಎಂದು ಪ್ರಾರ್ಥಿಸುತ್ತಾ ನಮ್ಮ ಮಾತುಗಳನ್ನು ಮುಗಿಸುತ್ತೇವೆ. ಸರ್ವರಿಗೂ ದೇವರ ಆಶೀರ್ವಾದವಿರಲಿ.