ಹೊರಡುವ ಮುನ್ನ

ದಕ್ಷಿಣ ಆಫ್ರಿಕಾ ಮತ್ತು ಮೊಜಾಂಬಿಕ್ ದೇಶಗಳ ನಡುವೆ ಎಸ್ವಾಟಿನಿ ಎಂಬ ಪುಟ್ಟ ದೇಶವಿದೆ. 2018ರವರೆಗೆ ಅದರ ಹೆಸರು ಸ್ವಾಜಿಲ್ಯಾಂಡ್. ಅಲ್ಲಿನ ಶಾಲೆಗಳಲ್ಲಿ ವಿಜ್ಞಾನ ಹೇಳಿಕೊಡಲು ಹೊರದೇಶದ ಸ್ವಯಂಸೇವಕರು ಹೋಗುವುದುಂಟು. ಮಕ್ಕಳೊಂದಿಗೆ ಕೆಲಕಾಲ ಕಳೆದು ಹೊರಡುವಾಗ ಯಾರಿಗಾದರೂ ಗಂಟಲು ಕಟ್ಟುತ್ತದೆ. ಆದರೆ ಆಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ನಾವು ಹೋದಮೇಲೆ ಇಲ್ಲಿ ಉಳಿಯುವುದೇನು?

ಕೊಂಡೊಯ್ದ ಗಾಜಿನ ನಳಿಗೆ ಒಡೆಯುತ್ತದೆ, ರಾಸಾಯನಿಕ ಮುಗಿಯುತ್ತದೆ. ಶಾಲೆಯ ಅಂಗಳದಲ್ಲಿ ನೆಟ್ಟ ಒಂದು ಕೋಲಾದರೋ ವರ್ಷವಿಡೀ ಪಾಠ ಹೇಳುತ್ತದೆ. ಎಸ್ವಾಟಿನಿ ಇರುವುದು ಮಕರ ಸಂಕ್ರಾಂತಿ ವೃತ್ತಕ್ಕೂ ದಕ್ಷಿಣದಲ್ಲಿ. ಹಾಗಾಗಿ ಅಲ್ಲಿ ನಡುಹಗಲ ಸೂರ್ಯ ಯಾವಾಗಲೂ ಉತ್ತರಕ್ಕೇ. ಕೋಲಿನ ನೆರಳು ದಕ್ಷಿಣಕ್ಕೆ. ಜೂನ್‌ನಲ್ಲಿ ನೆರಳು ಉದ್ದ, ಡಿಸೆಂಬರ್‌ನಲ್ಲಿ ತೀರಾ ಗಿಡ್ಡ. ನಮ್ಮ ಕರ್ನಾಟಕದಲ್ಲಿ ವರ್ಷಕ್ಕೆ ಎರಡು ಸಲ ಬರುವ ಶೂನ್ಯ ನೆರಳಿನ ದಿನ ಅಲ್ಲಿ ಒಮ್ಮೆಯೂ ಬರುವುದಿಲ್ಲ. ಇದು ಏಕೆ ಹೀಗೆ ಎಂದು ನೆರಳನ್ನು ಅಳೆಯುತ್ತಾ ಕೇಳಿದ ಮಗು ಭೂಮಿಯ ಓರೆಯನ್ನು ತಾನೇ ಕಂಡುಕೊಳ್ಳುತ್ತದೆ.

ಹೋದವರು ನೆಂಟರು, ನಾಳೆಯೂ ತರಗತಿಗೆ ಬರುವವರು ಆ ಊರಿನ ಮೇಷ್ಟ್ರು, ಟೀಚರು. ಅವರ ಜೊತೆ ಕೂತು ಮಾಡಿದ ಪ್ರಯೋಗ ಮುಂದುವರಿಯುತ್ತದೆ. ಅವರನ್ನು ಬದಿಗೆ ಸರಿಸಿ ಮಾಡಿದ ಪಾಠ ಹಬ್ಬದೂಟದಂತೆ ಅಂದಿಗಷ್ಟೇ.

ಕೇಳುಗರೇ, ನಮ್ಮೂರ ಸರ್ಕಾರಿ ಶಾಲೆಗೆ ಒಂದು ದಿನ ಪಾಠ ಮಾಡಲು ಹೋದರೂ ಇದನ್ನು ನೆನಪಿಡೋಣ. ನಾವಿಲ್ಲದೆಯೂ ನಡೆಯುವಂಥದ್ದನ್ನು ಕಲಿಸಿ ಬರೋಣ. ಸೇವೆಯ ಸಾರ್ಥಕತೆ ಇರುವುದು ಅದರಲ್ಲೇ.